ಅರ್ಧ ತೆರೆದ ಕಿಂಡಿ

"ಬುದ್ಧಿ, ಮಠಕ್ಕೆ ಬಂದು ಮೂರು ವರ್ಷವಾಯಿತು. ನೀವು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಆದರೂ ಬಂದ ದಿನ ಎಲ್ಲಿದ್ದೆನೋ ಅಲ್ಲೇ ಇದ್ದೇನೆ. ಯಾಕೆ?" ಎಂದು ಸೋಮಲಿಂಗ ಗುರುಗಳನ್ನು ಕೇಳಿದ.

ಸೋಮಲಿಂಗ ಕೊಳ್ಳೇಗಾಲದ ಕಡೆಯ ನೇಕಾರ. ಅವನ ಕೈಮಗ್ಗ ಊರಿನಲ್ಲಿ ಬೀಗ ಹಾಕಿದ ಕೋಣೆಯಲ್ಲಿತ್ತು, ಬೀಗದ ಕೈ ಅವನ ಉಡಿದಾರದಲ್ಲಿತ್ತು. ಹಿಂದಿನ ವಾರ ಸ್ವಂತ ಮಗ್ಗವಿಲ್ಲದ ಅವನ ತಮ್ಮ ಮಠಕ್ಕೆ ಬಂದು ಆ ಮಗ್ಗವನ್ನು ಕೇಳಿದ್ದ. "ನೋಡೋಣ, ಅವಸರವೇನು" ಎಂದು ಸೋಮಲಿಂಗ ಅವನನ್ನು ಕಳಿಸಿದ್ದ.

ಗುರುಗಳು ದೀಪದ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆ ಒಂದು ಕತೆ ಹೇಳಿದರು.

ಇಂಗ್ಲೆಂಡಿನಲ್ಲಿ ನಮ್ಮ ಕಡೆಯ ಒಬ್ಬ ವ್ಯಾಪಾರಿ ಇದ್ದ. ಬಹಳ ಜಾಣ. ಎಷ್ಟು ಜಾಣನೆಂದರೆ, ಯಾರಿಗೂ ಪೂರ್ತಿ ಹೂಂ ಎಂದವನಲ್ಲ, ಪೂರ್ತಿ ಉಹೂಂ ಎಂದವನೂ ಅಲ್ಲ. ತನ್ನ ಮದುವೆಯ ಮಂಟಪದಲ್ಲೂ ಚಪ್ಪಲಿ ಬಿಟ್ಟ ಕಡೆಗೇ ಒಂದು ಕಣ್ಣಿಟ್ಟಿದ್ದನಂತೆ.

ಆ ದೇಶದಲ್ಲಿ ಹಿಂದಿನವರು ಸರಕು ಸಾಗಿಸಲು ತೋಡಿದ ಕಾಲುವೆಗಳಿವೆ. ಅವುಗಳಲ್ಲಿ ಓಡುವ ದೋಣಿ ಹತ್ತು ಮಾರು ಉದ್ದ, ಒಂದೇ ಮಾರು ಅಗಲ. ಮನುಷ್ಯ ನಡೆಯುವಷ್ಟೇ ವೇಗ. ಅಂಥ ಒಂದು ಕಾಲುವೆ ಗುಡ್ಡವನ್ನು ಹತ್ತಿ ನೆತ್ತಿಯ ಮೇಲಿನ ಕೆರೆಯನ್ನು ಸೇರುತ್ತಿತ್ತು. ಆ ಕೆರೆಯ ನಡುವೆ ದೋಣಿಯಲ್ಲಿ ಕೂತು ಬುತ್ತಿ ಉಣ್ಣಬೇಕೆಂದು ವ್ಯಾಪಾರಿಯ ಹೆಂಡತಿಗೆ ಆಸೆ. ಹನ್ನೊಂದು ವರ್ಷ ಗಂಡನ ಜೊತೆ ಅಂಗಡಿಯಲ್ಲಿ ನಿಂತವಳಿಗೆ ಅದು ಮೊದಲ ರಜೆ. ಒಂದು ದಿನದ ಮಟ್ಟಿಗೆ ದೋಣಿ ಬಾಡಿಗೆಗೆ ಹಿಡಿದರು. ಕತ್ತಲಾಗುವ ಮೊದಲು ತಂದು ಒಪ್ಪಿಸಬೇಕಿತ್ತು.

ದೋಣಿ ಗುಡ್ಡ ಹತ್ತುವುದು ಹೇಗೆ? ದಾರಿಯುದ್ದಕ್ಕೂ ಕಲ್ಲಿನ ತೊಟ್ಟಿಗಳಿವೆ. ಪ್ರತಿ ತೊಟ್ಟಿಗೆ ಕೆಳಗೊಂದು ಬಾಗಿಲು, ಮೇಲೊಂದು ಬಾಗಿಲು. ಬಾಗಿಲುಗಳಲ್ಲಿ ನೀರು ಬಿಡುವ ಕಿಂಡಿಗಳು. ದೋಣಿ ಕೆಳಗಿನಿಂದ ಒಳಗೆ ಬಂದ ಮೇಲೆ ಹಿಂದಿನ ಬಾಗಿಲನ್ನೂ ಅದರ ಕಿಂಡಿಗಳನ್ನೂ ಮುಚ್ಚಬೇಕು. ಆಮೇಲೆ ಮೇಲಿನ ಕಿಂಡಿ ತೆರೆದರೆ ತೊಟ್ಟಿ ತುಂಬುತ್ತದೆ, ದೋಣಿ ತಾನಾಗಿ ಏಳುತ್ತದೆ. ದೋಣಿ ಕೊಟ್ಟವನು ಇದನ್ನು ಬೆಳಿಗ್ಗೆ ಎರಡೆರಡು ಸಲ ಹೇಳಿದ್ದ.

ಮೊದಲನೆಯ ತೊಟ್ಟಿ ಬಂತು. ಕಿಂಡಿ ತಿರುಗಿಸುವ ಕಬ್ಬಿಣದ ಹಿಡಿ ಹಿಡಿದು ಹೆಂಡತಿ ದಡಕ್ಕೆ ಇಳಿದಳು. ವ್ಯಾಪಾರಿ ದೋಣಿಯನ್ನು ಒಳಗೆ ತಂದ. ಎರಡು ಕಡೆ ಪಾಚಿ ಹಿಡಿದ ಗೋಡೆ, ಎರಡಾಳು ಎತ್ತರ. ಹಿಂದೆ ಬಾಗಿಲು ಮುಚ್ಚಿಕೊಂಡಿತು. ಬಾವಿಯ ತಳದಲ್ಲಿ ನಿಂತ ಹಾಗಾಗಿ ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

"ಹಿಂದಿನದು ಒಂದು ಕಿಂಡಿ ಅರ್ಧ ತೆರೆದಿರಲಿ. ಏನಾದ್ರೂ ಆದ್ರೆ ನೀರು ಹೋಗೋಕೆ ದಾರಿ ಬೇಕಲ್ಲ" ಎಂದು ಕೂಗಿದ.

"ಎಲ್ಲಾ ಮುಚ್ಚಬೇಕು ಅಂತ ಅವನು ಹೇಳಿದ್ನಲ್ಲ ರೀ" ಎಂದಳು ಹೆಂಡತಿ.

"ಅವನಿಗೇನು, ದಡದಲ್ಲಿ ನಿಂತು ಹೇಳ್ದ. ತೊಟ್ಟಿಯೊಳಗೆ ಇರೋನು ನಾನು."

ಹೆಂಡತಿ ಅವನು ಹೇಳಿದಂತೆಯೇ ಮಾಡಿ ಮೇಲಿನ ಕಿಂಡಿ ತೆರೆದಳು. ನೀರು ಭೋರ್ಗರೆದು ಬಂತು. ದೋಣಿ ಮೊಣಕಾಲಿನಷ್ಟು ಎದ್ದು ನಿಂತಿತು. ಅರ್ಧ ಗಂಟೆ ಕಾದರೂ ಅಷ್ಟೇ ಎತ್ತರ. ಮೇಲಿನ ಇನ್ನೊಂದು ಕಿಂಡಿಯನ್ನೂ ತೆರೆಸಿದ. ಇನ್ನೊಂದು ಗೇಣು ಎದ್ದು ಮತ್ತೆ ನಿಂತಿತು. ಆಗ ಅವನು ಕಾಲುವೆಯನ್ನು ಬೈದ, ಕಾಲುವೆ ಕಟ್ಟಿದವರನ್ನು ಬೈದ, ಇಂಥ ಕಡೆ ಬರಬೇಕೆಂದ ಹೆಂಡತಿಯನ್ನೂ ಬೈದ. ಯಾರನ್ನು ಬಿಟ್ಟನೆಂದು ನಾನು ಹೇಳಬೇಕಾಗಿಲ್ಲ.

ಮಧ್ಯಾಹ್ನವಾಯಿತು. ಹೆಂಡತಿ ಗೋಡೆಯ ಏಣಿ ಹಿಡಿದು ದೋಣಿಗೆ ಇಳಿದಳು, ಬುತ್ತಿಯನ್ನು ಆ ಪಾಚಿ ಗೋಡೆಗಳ ನಡುವೆಯೇ ಬಿಚ್ಚಿದರು. ಅವಳು ತನ್ನ ಪಾಲನ್ನು ಹಾಗೇ ಕಟ್ಟಿಟ್ಟಳು.

ಅಷ್ಟರಲ್ಲಿ ಮೇಲಿನಿಂದ ಒಬ್ಬ ಮುದುಕಿ ಓಡೋಡಿ ಬಂದಳು. ಈ ತೊಟ್ಟಿಗೂ ಮುಂದಿನ ತೊಟ್ಟಿಗೂ ನಡುವಿನ ನೀರಿನಲ್ಲಿ ಅವಳ ದೋಣಿ ನಿಂತಿತ್ತು. ಅದೇ ಅವಳ ಮನೆ. ಮಲಗಿದಲ್ಲಿಂದ ಏಳಲಾರದ ಗಂಡ ಅದರೊಳಗಿದ್ದ. ಅಲ್ಲಿನ ನೀರೆಲ್ಲ ಈ ತೊಟ್ಟಿಯನ್ನು ಹಾದು ಕೆಳಗೆ ಹರಿದುಹೋಗಿ, ಅವಳ ದೋಣಿ ಕೆಸರಿನ ಮೇಲೆ ಕೂತು ವಾಲಿತ್ತು. ಒಲೆಯ ಮೇಲಿದ್ದ ಕುದಿನೀರಿನ ಪಾತ್ರೆ ಜಾರಿ ಮುದುಕನ ತಲೆಯಿಂದ ಒಂದು ಗೇಣು ಆಚೆ ಬಿದ್ದಿತ್ತು.

"ನಾನು ಬಿಟ್ಟದ್ದು ಒಂದೇ ಕಿಂಡಿ. ಅದೂ ಅರ್ಧ" ಎಂದ ವ್ಯಾಪಾರಿ.

"ನೀರು ಅರ್ಧಕ್ಕೆ ನಿಲ್ಲಲಿಲ್ಲ" ಎಂದಳು ಮುದುಕಿ.

ವ್ಯಾಪಾರಿಯ ಹೆಂಡತಿ ಗಂಡನ ಮುಖ ನೋಡಲಿಲ್ಲ. ಏಣಿ ಹತ್ತಿ ನೇರ ಹೋಗಿ ಹಿಂದಿನ ಕಿಂಡಿಯನ್ನು ಪೂರ್ತಿ ಮುಚ್ಚಿದಳು. ಮುದುಕಿ ಮುಂದಿನ ತೊಟ್ಟಿಯಿಂದ ನೀರು ಇಳಿಸಿದಳು. ಮೊದಲು ಕೆಸರಿನಲ್ಲಿದ್ದ ದೋಣಿ ನೆಟ್ಟಗಾಯಿತು. ಆಮೇಲೆ ತೊಟ್ಟಿಯೂ ತುಂಬಿತು, ಬೆಳಗಿನಿಂದ ಸಿಕ್ಕಿಕೊಂಡಿದ್ದ ವ್ಯಾಪಾರಿಯ ದೋಣಿ ಯಾರ ಅಪ್ಪಣೆಗೂ ಕಾಯದೆ ಮೇಲಕ್ಕೆ ಬಂತು. ಆದರೆ ಹೊತ್ತು ಇಳಿದಿತ್ತು. ಕೆರೆಗೆ ಇನ್ನೂ ಮೂರು ತೊಟ್ಟಿ ಬಾಕಿ. ಅಲ್ಲಿಂದಲೇ ಹಿಂದಕ್ಕೆ ತಿರುಗಿದರು. ಆ ಹೆಣ್ಣುಮಗಳು ಕೆರೆಯನ್ನು ನೋಡಲೇ ಇಲ್ಲ.

ಗುರುಗಳು ಕತೆ ಮುಗಿಸಿ ಇನ್ನೊಂದು ಬತ್ತಿಗೆ ಹತ್ತಿ ತೆಗೆದುಕೊಂಡರು.

ಸೋಮಲಿಂಗ ನಕ್ಕ. "ಎಂಥ ದಡ್ಡ ಅವನು, ಬುದ್ಧಿ. ತಾನೂ ಏಳಲಿಲ್ಲ, ಮೇಲಿದ್ದವರನ್ನೂ ಕೆಸರಿಗೆ ಕೂರಿಸಿದ. ನಾನಾಗಿದ್ದರೆ ಮೊದಲ ಏಟಿಗೇ ಮುಚ್ಚಿಬಿಡುತ್ತಿದ್ದೆ" ಎಂದ.

ಗುರುಗಳು ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟು ಅವನ ಉಡಿದಾರದ ಕಡೆ ನೋಡಿದರು.

"ಮೊನ್ನೆ ಬರಿಗೈಲಿ ಹೋದನಲ್ಲ ನಿನ್ನ ತಮ್ಮ, ಅವನು ಈಗ ಯಾರ ಮನೆಯ ಮಗ್ಗದಲ್ಲಿ ಕೂತಿದ್ದಾನೆ, ಸೋಮಲಿಂಗ?"

ಸೋಮಲಿಂಗನ ಕೈ ಉಡಿದಾರದ ಬೀಗದ ಕೈಯ ಮೇಲೆ ಹೋಯಿತು.