ಹಡಗಿಗೆ ಬಿಗಿದ ದೋಣಿ

ಕಡಲಿಗೂ ದಡ ಕಟ್ಟಿದ ಸ್ವಾಮಿಗೆ ಶರಣು.

ಪರಂಗಿಯವರ ಕಾಲದಲ್ಲಿ, ಜನ ಬಿಟ್ಟೋಡಿದ ಹಡಗೊಂದು ಅಳಿವೆಯಾಚೆ ಮುಳುಗುತ್ತಿತ್ತು. ಮೊದಲು ಹಗ್ಗ ಕಟ್ಟಿದವನಿಗೇ ಸರಕು ಎಂಬುದು ಮೀನುಗಾರರ ಕಟ್ಟಳೆ. ದೂಮನೆಂಬವನು ತನ್ನ ದೋಣಿಯನ್ನು ಅದಕ್ಕೆ ಬಿಗಿದು, ಬೇರೆಯವರು ಬಿಚ್ಚದಂತೆ ಗಂಟಿನ ಮೇಲೆ ಗಂಟು ಹಾಕಿ, ಮೆಣಸಿನ ಮೂಟೆ ಇಳಿಸತೊಡಗಿದ.

“ತಂಗೀ, ನನ್ನ ಹೊಟ್ಟೆಗೆ ನೀರು ತುಂಬಿತು. ಬಿಚ್ಚಿಕೊಂಡು ಹೋಗು,” ಎಂದಿತು ಹಡಗು.

“ಬಿಚ್ಚಿದರೆ ಆಚೆ ಕಾಯುತ್ತಿರುವ ಇನ್ನೊಂದು ದೋಣಿಯ ಪಾಲಾಗುತ್ತೀಯ. ಅಷ್ಟು ಪೆದ್ದಿಯಲ್ಲ ನಾನು,” ಎಂದು ದೋಣಿ ನಕ್ಕಿತು.

“ನೀನು ನನ್ನನ್ನು ಹಿಡಿದಿದ್ದೀ ಅಂದುಕೊಂಡೆಯಲ್ಲ ತಾಯಿ. ಹಗ್ಗಕ್ಕೆ ಎರಡು ತುದಿ.”

ಹಡಗು ವಾಲಿತು. ದೂಮ ಮೂಟೆ ಬಿಸಾಡಿ ಗಂಟಿಗೆ ಕೈಹಾಕಿದ. ನೆನೆದ ನಾರು ಸಡಿಲಲಿಲ್ಲ.

ಆಚೆ ಕಾಯುತ್ತಿದ್ದ ದೋಣಿಗೆ ಅಂದು ಸಿಕ್ಕಿದ್ದು ದೂಮನ ಹೆಣವೊಂದೇ.

ಕೇಳಿದ ನಿಮ್ಮೆಲ್ಲರ ಮನೆಯವರನ್ನು ಸ್ವಾಮಿ ಕ್ಷೇಮವಾಗಿ ದಡ ಸೇರಿಸಲಿ.