ಟೀಚರಮ್ಮನ ಕಿಟಕಿ

ಹೊಳೆ ಪಕ್ಕದ ನಮ್ಮ ಮಿಷನ್ ಕಾಂಪೌಂಡಲ್ಲಿ ಸಲೋಮಿ ಟೀಚರಮ್ಮ ಅಂತ ಒಬ್ರು. ಸಂಡೇ ಸ್ಕೂಲಲ್ಲಿ ಮಕ್ಕಳಿಗೂ ಪಾಠ ಹೇಳಿದೋರು, ಆ ಮಕ್ಕಳ ಮಕ್ಕಳಿಗೂ ಹೇಳಿದೋರು. ಈಗ ಮಂಡಿ ನೋವು. ಭಾನುವಾರ ಬಿಟ್ರೆ ಚರ್ಚಿಗೆ ಬರಲ್ಲ, ಚರ್ಚಿನೋರೇ ಅವರ ಹತ್ರ ಹೋಗ್ತಾರೆ.

ಅವರ ಕೋಣೆಗೆ ಒಂದು ಬಾಗಿಲು, ಒಂದು ಕಿಟಕಿ. ಕಿಟಕಿ ಕೆಳಗೇ ನಮ್ಮನೆ ಬಟ್ಟೆ ಒಗೆಯೋ ಕಲ್ಲು. ಕಲ್ಲು ಮೊದ್ಲಿಂದ ಅಲ್ಲೇ ಇರೋದು, ನಾನು ಎಳ್ಕೊಂಡು ಹೋಗಿ ಹಾಕಿದ್ದಲ್ಲ.

ಟೀಚರಮ್ಮನ ಶಿಷ್ಯ ಎಬಿನೇಜರ. ಎಬಿ ಅಂತೀವಿ. ಯುವಜನ ಕೂಟದ ಲೀಡರು. ಗಿಟಾರ್ ಬಾರಿಸ್ತಾನೆ, ಹುಡುಗ್ರನ್ನ ಸೇರಿಸ್ತಾನೆ. ಪ್ರಾರ್ಥನೆ ಶುರು ಮಾಡಿದ್ರೆ ಹೊಳೆ ಆಚೆ ದಡದ ಎಮ್ಮೆನೂ ತಲೆ ಎತ್ತಿ ನೋಡ್ಬೇಕು.

ಒಳ್ಳೇ ಹುಡುಗ. ಅದು ಅವನಿಗೂ ಗೊತ್ತಿತ್ತು. ಅದೇ ತೊಂದ್ರೆ.

ಶುಕ್ರವಾರ ಸಂಜೆ ಕೂಟ. ನನಗೇನು ಅಲ್ಲಿ ಕೆಲ್ಸ ಅಂತೀರಾ? ಟೀ ಕಾಯಿಸಿ ಕೊಡೋಳು ನಾನೇ.

ಕೂಟದ ಕೊನೇಲಿ ಮೈಕು ಕೈಯಿಂದ ಕೈಗೆ ಹೋಗುತ್ತೆ. ಒಬ್ಬೊಬ್ರೂ ಒಂದೊಂದು ಪ್ರಾರ್ಥನೆ ವಿಷಯ ಹೇಳ್ಬೇಕು. ನನ್ನ ಪರೀಕ್ಷೆಗೆ ಪ್ರಾರ್ಥನೆ ಮಾಡಿ, ನಮ್ಮಜ್ಜಿ ಕಾಲಿಗೆ ಮಾಡಿ, ಹಿಂಗೆ.

ಆವತ್ತು ಕೊನೇಲಿ ಎಬಿ ಮೈಕ್ ಇಸ್ಕೊಂಡ. ಕಣ್ಣು ಮುಚ್ಚಿ, ಗಂಟಲು ನಡುಗಿಸ್ಕೊಂಡು ಅಂದ:

"ನಮ್ಮ ಹಾಡಿನ ತಂಡದ ಒಬ್ಬ ಸಹೋದರಿ, ತಾಯಿನ ಕಳ್ಕೊಂಡ ಮೇಲೆ ವಿಶ್ವಾಸದಿಂದ ಬಿದ್ದು ಹೋಗಿದಾರೆ. ಪ್ರಾರ್ಥನೆ ಬರೀ ಬಾಯಲ್ಲಿ ಮಾಡ್ತಾರಂತೆ. ಹೆಸರು ಬೇಡ. ಅವರಿಗೋಸ್ಕರ ಭಾರದಿಂದ ಬೇಡ್ಕೊಳ್ಳೋಣ."

ಹೆಸರು ಬೇಡವಂತೆ! ಹಾಡಿನ ತಂಡದಲ್ಲಿ ತಾಯಿ ಇಲ್ಲದೋಳು ಹೆಪ್ಸಿ ಒಬ್ಳೇ. ಅಷ್ಟು ತಲೆನೂ ಒಂದೇ ಕಡೆ ತಿರುಗ್ತು. ನನ್ನದೂ.

ಹೆಪ್ಸಿ ಎದ್ದು ಚಪ್ಪಲಿ ಹಾಕ್ಕೊಂಡು ಹೋದ್ಲು. ಆಮೇಲೆ ಕೂಟಕ್ಕೂ ಇಲ್ಲ, ಭಾನುವಾರದ ಹಾಡಿಗೂ ಇಲ್ಲ.

ನಲ್ಲಿ ಹತ್ರ ನಾವು ಬಿಡ್ತೀವಾ? ನಂಬಿಕೆ ಇಲ್ಲದೋಳ ಹಾಡನ್ನ ಇಷ್ಟು ದಿನ ಕೇಳಿದ್ವಲ್ಲ ಅಂತ ಒಬ್ಳು. ಅವಳಪ್ಪನಿಗೆ ಹೇಳಿ ಅವಳ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿಸ್ಬೇಕು ಅಂತ ಇನ್ನೊಬ್ಳು. ನಾನೂ ಎರಡು ಮನೆಗೆ ಹೇಳಿ ಬಂದೆ. ಮೈಕಲ್ಲಿ ಬಂದ ಮಾತಿಗೆ ಗುಟ್ಟೇನು?

ಎಬಿ ಟೀಚರಮ್ಮನ ಹತ್ರ ಬಂದ. ಮುಖ ಊದಿಸ್ಕೊಂಡಿದ್ದ. ಟೀಚರಮ್ಮ ಅವರೆಕಾಯಿ ಬಿಡಿಸ್ತಿದ್ರು. ನಾನು ಕಿಟಕಿ ಕೆಳಗೆ ಬಟ್ಟೆ ಒಗೀತಿದ್ದೆ.

"ಹೆಪ್ಸಿ ನನ್ನ ಹತ್ರ ಮಾತು ಬಿಟ್ಟಿದಾಳೆ ಟೀಚರಮ್ಮ. ನಾನು ಹೇಳಿದ್ದು ಅವಳ ಒಳ್ಳೇದಕ್ಕೆ."

"ಅವಳು ನಿನಗೆ ಎಲ್ಲಿ ಹೇಳಿದ್ಲು?"

"ಹೊಳೆ ಮೆಟ್ಟಿಲ ಮೇಲೆ. ನಾವಿಬ್ರೇ ಇದ್ವಿ. ಹಾಡೋವಾಗ ಬಾಯಿ ಆಡುತ್ತೆ ಅಣ್ಣ, ಒಳಗೆ ಯಾರೂ ಇಲ್ಲ ಅಂದ್ಲು."

"ಅತ್ತಳಾ?"

"ಹೂಂ."

"ನೀನು ಏನಂದೆ?"

"ಪ್ರಾರ್ಥನೆ ಮಾಡ್ತೀನಿ ಅಂದೆ."

"ಮಾಡಿದ್ಯಾ?"

"ಶುಕ್ರವಾರ ಮಾಡಿದ್ನಲ್ಲ."

"ಅದಕ್ಕೆ ಮುಂಚೆ?"

ಟೀಚರಮ್ಮ ಒಂದು ಹಿಡಿ ಅವರೆಕಾಯಿ ಅವನ ಮುಂದೆ ತಳ್ಳಿದ್ರು. ಬಿಡಿಸ್ತಾ ಕೂತ. ಸೊಗಡು ಕೈಗೆಲ್ಲ ಹತ್ತಿಸ್ಕೊಂಡು ಎದ್ದು ಹೋದ.

ಎರಡು ದಿನ ಬಿಟ್ಟು ಮತ್ತೆ ಬಂದ. ಈ ಸಲ ಮುಖ ಊದಿರಲಿಲ್ಲ, ಇಳಿದು ಹೋಗಿತ್ತು.

"ತಪ್ಪು ಮಾಡ್ಬಿಟ್ಟೆ ಟೀಚರಮ್ಮ. ಊಟ ಸೇರ್ತಿಲ್ಲ. ಅವಳು ಸಭೆನೇ ಬಿಟ್ಟು ಹೋಗ್ತಾಳೆ ಅಂತಿದಾರೆ. ಭಾನುವಾರ ಎಲ್ಲರ ಮುಂದೆ ನಿಂತು ಕ್ಷಮೆ ಕೇಳ್ತೀನಿ."

"ಮೈಕಲ್ಲಾ?"

"ಹೂಂ."

ಟೀಚರಮ್ಮ ನಕ್ರು. ನಾನೂ ಸೋಪು ಬಾಯಿಗೆ ಅಡ್ಡ ಹಿಡ್ಕೊಂಡೆ.

"ನೀನು ಅಳ್ತೀಯ. ಎಲ್ಲರೂ ಆಹಾ ಎಂಥಾ ದೀನ ಹುಡುಗ ಅಂತಾರೆ. ಆಮೇಲೆ ಇನ್ನೊಂದ್ಸಲ ಅವಳ ಕಡೆ ತಿರುಗಿ ನೋಡ್ತಾರೆ. ಅಲ್ವೇನೋ?"

ಎಬಿ ತಲೆ ಎದೆಗೆ ಬಿತ್ತು.

"ಮನೆಗೂ ಹೋಗಿದ್ದೆ. ಅವಳು ಬಾಗಿಲು ತೆಗೀಲಿಲ್ಲ."

"ಹೊಳೆ ಮೆಟ್ಟಿಲ ಮೇಲೆ ಒಂದ್ಸಲ ತೆಗೆದಿದ್ಲಲ್ಲಪ್ಪ."

"ಮತ್ತೆ ನಾನು ಏನ್ ಮಾಡ್ಲಿ?"

"ಬೇರೆಯೋರಿಗೆ ಹೇಳೋಕಾಗದೇ ಇರೋದು ನಿನ್ನ ಹತ್ರ ಏನಾದ್ರೂ ಇದೆಯಾ?"

ಎಬಿ ತಿರುಗಿ ಬಾಗಿಲ ಕಡೆ ನೋಡ್ದ.

"ಬಾಗಿಲು ಹಾಕು," ಅಂದ್ರು ಟೀಚರಮ್ಮ.

ಹಾಕಿ ಬಂದು ಕೂತ. ಬಾಗಿಲು ನೆನಪಾಯ್ತು, ಕಿಟಕಿ ಮರೆತ್ರು ಅಂದ್ಕೊಂಡೆ.

ಅವನು ಹೇಳ್ದ. ಅಷ್ಟು ದೊಡ್ಡ ಗಂಟಲಿನೋನು, ಹಸುಗೂಸು ನರಳೋ ಹಂಗೆ ಹೇಳ್ದ. ಹೆಪ್ಸಿದು ಅದರ ಮುಂದೆ ಏನೂ ಅಲ್ಲ.

ನಾನು ಪೂರ್ತಿ ಕೇಳಿಸ್ಕೊಂಡೆ. ಇಲ್ಲಿ ಹೇಳಲ್ಲ.

ಟೀಚರಮ್ಮ ಅಂದ್ರು: "ಇದನ್ನ ತಗೊಂಡು ಹೋಗಿ ಅವಳಿಗೆ ಕೊಡು."

"ಹೆಪ್ಸಿಗಾ? ಅವಳು ಎಲ್ಲರಿಗೂ ಹೇಳ್ಬಿಟ್ರೆ?"

"ಹೇಳ್ಬೋದು."

"ಹುಡುಗ್ರು ನನ್ನ ಮುಖಕ್ಕೆ ಉಗೀತಾರೆ. ನನ್ನ ಸೇವೆನೇ ಹೋಗುತ್ತೆ ಟೀಚರಮ್ಮ."

"ಹೋಗ್ಬೋದು."

"ಬೇರೆ ದಾರಿ ಇಲ್ವಾ?"

"ಇದೆ. ಮೈಕ್ ಇದೆ."

ಸೋಮವಾರ ಹೆಪ್ಸಿ ಹೊಳೆ ಮೆಟ್ಟಿಲ ಮೇಲೆ ಬಟ್ಟೆ ಒಗೀತಿದ್ಲು. ಆವತ್ತು ನನ್ನ ಬಕೆಟ್ಟೂ ಹೊಳೆಗೇ ಹೋಯ್ತು.

ಅವಳ ಕೈಲಿ ಇದ್ದದ್ದು ಹಾಡಿನ ತಂಡದ ಬಿಳೀ ಗೌನು. ವಾಪಸ್ ಕೊಡೋಕೆ ಅಂತ ಒಗೀತಿದಾಳೆ ಅಂತ ನೋಡಿದ್ರೇ ಗೊತ್ತಾಗ್ತಿತ್ತು. ಅಷ್ಟು ಸಿಟ್ಟಲ್ಲಿ ಯಾರೂ ಸ್ವಂತ ಬಟ್ಟೆ ಕುಕ್ಕಲ್ಲ.

ಎಬಿ ಬಂದು ನಿಂತ. ಅವಳು ತಲೆ ಎತ್ತಲಿಲ್ಲ.

"ಏನಣ್ಣ, ಮೈಕ್ ತಂದಿಲ್ವಾ?"

"ಇಲ್ಲ."

"ಮತ್ತೆ ಹೆಂಗೆ ಮಾತಾಡ್ತೀಯ?"

ಅವನು ಅವಳಿಗಿಂತ ಕೆಳಗಿನ ಮೆಟ್ಟಿಲಲ್ಲಿ ಕೂತ. ಪ್ಯಾಂಟು ನೆನೀತು. ತಪ್ಪಾಯ್ತು ಅಂದಿದ್ದು ಕೇಳಿಸ್ತು, ಮುಂದಿನದು ನೀರಲ್ಲಿ ಹೋಯ್ತು. ನನಗೆ ಹೆಂಗೂ ಗೊತ್ತಿತ್ತಲ್ಲ.

ಹೆಪ್ಸಿ ಗೌನು ಹಿಂಡ್ತಿದ್ದೋಳು ನಿಲ್ಲಿಸಿದ್ಲು.

"ಇದನ್ನ ನನಗ್ಯಾಕೆ ಹೇಳ್ದೆ?"

"ನಿನ್ನದು ನನ್ನ ಹತ್ರ ಇತ್ತಲ್ಲ. ಅದಕ್ಕೆ."

"ನಾನು ಎಲ್ಲರಿಗೂ ಹೇಳಿದ್ರೆ?"

"ಹೇಳ್ಬೋದು."

ಅವಳು ಗೌನು ಒದರಿದ್ಲು. ಹನಿ ಅವನ ಮುಖಕ್ಕೆ ರಾಚ್ತು.

"ಶುಕ್ರವಾರ ಬರ್ತೀನಿ. ಇದನ್ನ ವಾಪಸ್ ಕೊಡೋದಿದೆ." ನಗಲಿಲ್ಲ.

ಆ ವಾರ ಎಬಿ ನಡೆಯೋದು ನೋಡಿದ್ರೆ ಜೈಲಿಗೆ ಹೋಗೋನ ಹಂಗಿತ್ತು. ಇನ್ನು ನನ್ನ ನಾಲಿಗೆ ಪಟ್ಟ ಪಾಡು ನನಗೇ ಗೊತ್ತು. ನಲ್ಲಿ ಹತ್ರ ಡೈಸಿಯಕ್ಕ ಕೇಳಿದ್ಲು, "ಏನೇ ಸುದ್ದಿ?"

"ನೀರು ಸಣ್ಣಗೆ ಬರ್ತಿದೆ," ಅಂದೆ.

ಯಾಕೆ ಹಂಗಂದೆ ಅಂತ ನನಗೂ ತಿಳೀಲಿಲ್ಲ. ಅವನು ನರಳಿದ ದನಿ ಇನ್ನೂ ಕಿವೀಲೇ ಇತ್ತು.

ಶುಕ್ರವಾರ ಹೆಪ್ಸಿ ಬಂದ್ಲು. ತೊಡೆ ಮೇಲೆ ಇಸ್ತ್ರಿ ಮಾಡಿದ ಗೌನು. ಎಲ್ಲರೂ ಸರ್ಕೊಂಡು ಜಾಗ ಬಿಟ್ರು, ಅಂಟು ರೋಗದೋಳಿಗೆ ಬಿಟ್ಟಂಗೆ.

ಮೈಕು ಕೈಯಿಂದ ಕೈಗೆ ಬಂತು. ಅವಳ ಕೈಗೂ ಬಂತು. ಅವಳು ಎದ್ದು ನಿಂತು ಸೀದಾ ಎಬಿನ ನೋಡಿದ್ಲು. ಅವನ ಮುಖದಲ್ಲಿ ರಕ್ತ ಇರಲಿಲ್ಲ. ಟೀ ಲೋಟ ಹಿಡಿದಿದ್ದ ನನ್ನ ಕೈಯೂ ಅಲ್ಲೇ ನಿಂತ್ಕೊಳ್ತು.

"ಒಬ್ರ ವಿಷಯ ಇದೆ," ಅಂದ್ಲು.

ಮೈಕನ್ನ ಬಾಯಿಗೆ ಇನ್ನೂ ಹತ್ರ ಹಿಡಿದ್ಲು.

"ಅದು ನನಗೆ ಗೊತ್ತು, ದೇವರಿಗೆ ಗೊತ್ತು. ನಿಮಗೆ ಬೇಡ. ಎಲ್ಲರೂ ಕಣ್ಣು ಮುಚ್ಚಿ."

ಮೈಕಿನ ಸ್ವಿಚ್ ಆಫ್ ಮಾಡಿ ಕೂತ್ಕೊಂಡ್ಲು.

ಎಲ್ಲರೂ ಕಣ್ಣು ಮುಚ್ಚಿದ್ರು, ನಾನೂ. ಒಂದು ಕಣ್ಣು ತೆಗೆದು ನೋಡಿದೆ. ಎಬಿ ತಲೆ ಮಂಡಿ ಮಧ್ಯೆ ಹೋಗಿತ್ತು. ಹೆಪ್ಸಿ ಬಾಯಿ ಆಡ್ತಿರಲಿಲ್ಲ. ಕೆನ್ನೆ ಒದ್ದೆ ಆಗಿತ್ತು.

ಗೌನು ವಾಪಸ್ ಕೊಡ್ಲಿಲ್ಲ. ಕಂಕುಳಲ್ಲಿ ಇಟ್ಕೊಂಡು ಮನೆಗೆ ಹೋದ್ಲು.

ಮಾರನೇ ದಿನ ಬೆಳಿಗ್ಗೆ ಎಬಿ ಟೀಚರಮ್ಮನ ಮುಂದೆ ಕೂತಿದ್ದ.

"ಅವಳು ಹೇಳ್ಲಿಲ್ಲ ಟೀಚರಮ್ಮ."

"ಹೂಂ."

"ಹೇಳ್ಬಿಟ್ಟಿದ್ರೆ ಲೆಕ್ಕ ಸಮ ಆಗೋಗ್ತಿತ್ತು. ಉಗಿಸ್ಕೊಂಡು ಸುಮ್ನಾಗ್ತಿದ್ದೆ. ಈಗ ಅವಳ ಮುಂದೆ ತಲೆ ಎತ್ತೋಕೆ ಆಗ್ತಿಲ್ಲ."

"ಎತ್ತಬೇಡ. ಸ್ವಲ್ಪ ದಿನ ತಗ್ಗಿಸ್ಕೊಂಡು ಓಡಾಡು."

"ಲೀಡರ್ ಕೆಲ್ಸ ಬಿಟ್ಬಿಡ್ಲಾ?"

"ನಾಳೆ ಇನ್ಯಾರೋ ಬಂದು, ಅಣ್ಣ ನಿನ್ನ ಹತ್ರ ಒಂದು ಮಾತಿದೆ ಅಂದ್ರೆ ಏನ್ ಮಾಡ್ತೀಯ?"

ಎಬಿ ಎದ್ದು ಹೋಗಿ ಬಾಗಿಲು ಹಾಕ್ದ. ಈ ಸಲ ಅವರು ಹೇಳೋಕೆ ಮುಂಚೆನೇ ಹಾಕ್ದ.

ಆಮೇಲೆ ಕಿಟಕಿ ಹತ್ರ ಬಂದ. ಕೆಳಗೆ ನಾನು. ಕೈಲಿ ಸೋಪು, ಕಲ್ಲ ಮೇಲೆ ಒಂದು ಬಟ್ಟೆನೂ ಇಲ್ಲ.

ಅವನು ನನ್ನ ನೋಡ್ದ. ಆವತ್ತು ಹೇಳಿದ್ದೆಲ್ಲ ನನ್ನ ಕಿವಿಗೂ ಬಿದ್ದಿದೆ ಅಂತ ಅವನಿಗೆ ಆಗ ಹೊಳೀತು. ಮುಖ ಬೆಳ್ಳಗಾಯ್ತು. ನನ್ನ ತಲೆ ತಾನಾಗೇ ತಗ್ಗಿತು. ನೆಲ ಬಿರಿದಿದ್ರೆ ಸೋಪಿನ ಸಮೇತ ಒಳಗೆ ಹೋಗ್ತಿದ್ದೆ.

ಅವನು ಕಿಟಕಿ ಬಾಗಿಲಿಗೆ ಕೈ ಹಾಕ್ದ.

ಒಳಗಿಂದ ಟೀಚರಮ್ಮ ಅಂದ್ರು:

"ಕಿಟಕಿ ಇರ್ಲಿ ಬಿಡು ಮಗಾ. ಕೆಳಗಿರೋಳೂ ಯಾರಿಗೂ ಹೇಳ್ಲಿಲ್ಲ."