ಒಟ್ಟು ನೋಡುವ ಚಾರ್ಜರ್

"ಅಜ್ಜಾರ, ಎಲ್ಲಾರೂ ಕೂಡಿ ಹಾಡಿದಾಗ ಪದ ಚೊಲೊ ಕೇಳತೈತಿ ಅಂದಮ್ಯಾಲ, ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಹಾಡಿಸಿ ಕೇಳೂದು ಯಾಕ ಬೇಕ್ರಿ?"

ಹೀಗೆ ಕೇಳಿದವನು ಚನ್ನಮಲ್ಲ. ಮಠದಲ್ಲಿ ಬೆಳಗಿನ ತತ್ವಪದ ಹಾಡಿಸುವ ಹೊಣೆ ಅವನದು. ಮಠದ ಸ್ವಾಮಿಗಳಾದ ಅಜ್ಜನವರಿಗೆ ಮೊಣಕಾಲು ಹಿಡಿದುಕೊಂಡು, ಮೇಲಿನ ಕೋಣೆಯಿಂದ ಮೆಟ್ಟಿಲು ಇಳಿಯಲಾಗದ ಹಾಗೆ ಆದ ಮೇಲೆ ಆ ಹೊಣೆ ಅವನಿಗೆ ಬಂದಿತ್ತು. ಅಜ್ಜನವರು ಮೇಲೆ ಕೂತೇ ಹಾಡು ಕೇಳುತ್ತಿದ್ದರು.

ಆ ಮಠಕ್ಕೆ ಒಂದು ಪದ್ಧತಿ ಇತ್ತು. ಊರಿನ ಇಪ್ಪತ್ತಾರು ಜನ ಬೆಳಗ್ಗೆ ಬಂದು, ಹಾಡಿ, ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಕೂಡಿ ಹಾಡುವ ಮೊದಲು ಪ್ರತಿಯೊಬ್ಬರೂ ಪದದ ಮೊದಲ ಸಾಲನ್ನು ಒಬ್ಬರೇ ಹಾಡಬೇಕು. ಹಾಡಿಸುವವನು ಗದ್ದುಗೆಗೆ ಮುಖ ಮಾಡಿ, ಜನರಿಗೆ ಬೆನ್ನು ಕೊಟ್ಟು, ಬರೀ ಕಿವಿಯಿಂದ ಕೇಳಬೇಕು. ಯಾರ ಉಸಿರು ಎಲ್ಲಿ ಕಡಿಯಿತು, ಯಾರಿಗೆ ಶ್ರುತಿ ಎತ್ತರವಾಯಿತು ಎಂದು ತಿಳಿದು ಆ ದಿನದ ಹಾಡಿನ ನಡೆಯನ್ನು ಅದಕ್ಕೆ ಹೊಂದಿಸಬೇಕು. ಚನ್ನಮಲ್ಲ ಒಂದು ತಿಂಗಳಿನಿಂದ ಇದನ್ನು ಬಿಟ್ಟಿದ್ದ.

ಕಾರಣವನ್ನು ಅವನೇ ಹೇಳಿದ. ಹಿಂದಿನ ಸಾಲಿನಲ್ಲಿ ದ್ಯಾಮಣ್ಣ ಎಂಬ ಹಮಾಲ ಕೂರುತ್ತಿದ್ದ. ಐವತ್ತು ದಾಟಿದವನು. ಮೂಟೆ ಹೊತ್ತೂ ಹೊತ್ತೂ ಅವನ ಉಸಿರು ಗಿಡ್ಡವಾಗಿತ್ತು. ಒಂದು ಸಾಲು ಮುಗಿಸಲು ಮೂರು ಕಡೆ ನಿಲ್ಲುತ್ತಿದ್ದ. ಅವನು ನಿಂತಾಗಲೆಲ್ಲ ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮುತ್ತಿದ್ದರು, ಯಾರೋ ನಗುತ್ತಿದ್ದರು. ಕೆಲಸಕ್ಕೆ ಹೋಗುವವರಿಗೆ ತಡವಾಗುತ್ತಿತ್ತು.

"ಪದ್ಧತಿ ಬಿಟ್ಟಮ್ಯಾಲ ಹಾಡಿಗೆ ಕಳೆ ಬಂದೈತ್ರಿ," ಎಂದ ಚನ್ನಮಲ್ಲ. "ಅದರಾಗ ಈ ವಾರಂತೂ ಒಂದ ದನಿ ಹಾಡಿದಂಗ ಕೇಳತೈತಿ. ನೆರೆ ಊರಿನ ಮಠದಾವ್ರು ಹಾಡಾಕ ಕರದಾರ. ಕಾಯಂ ಬಿಟ್ಟಬಿಡಲೇನ್ರಿ?"

ಅಜ್ಜನವರು ಸನ್ಯಾಸಕ್ಕೆ ಬರುವ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. ಬೇರೆ ಮಠಗಳಲ್ಲಿ ಶಿಷ್ಯರು ಪ್ರಶ್ನೆ ಕೇಳಿದರೆ ಪುರಾಣ ಸಿಗುತ್ತದೆ. ಇಲ್ಲಿ ಹೆಚ್ಚಾಗಿ ವೈರು ಸಿಗುತ್ತಿತ್ತು. ಶಿಷ್ಯರು ಅದಕ್ಕೆ ಒಳಗೊಳಗೇ ನಗುವುದೂ ಉಂಟು, ಅವರು ನಗುತ್ತಾರೆಂದು ಅಜ್ಜನವರಿಗೆ ಗೊತ್ತಿರುವುದೂ ಉಂಟು. ಆದರೆ ಆ ದಿನ ಅಜ್ಜನವರ ಮುಖ ಇಳಿದಿತ್ತು. ಅವರು ಕೂರಲು ಕೈ ಮಾಡಿದರು. ಚನ್ನಮಲ್ಲ ಕೂತ. ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಕೈ ಪಳಗಿದವನು. ಅವನು ಕತ್ತರಿಸಿದ ಅಂಗಿಯನ್ನು ಯಾರೂ ಸಡಿಲ ಎಂದು ಮರಳಿ ತಂದವರಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು ಕಾಜ ಹಾಕುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು. ಹೊಲವಿಲ್ಲ, ಸ್ವಂತ ಮನೆಯಿಲ್ಲ. ಇಬ್ಬರ ಊಟವೂ ಅವನ ಬಲಗೈಯ ಮೇಲೆ ನಿಂತಿತ್ತು.

ಅವನಿಗೆ ಒಂದು ಹುಚ್ಚಿತ್ತು. ಹಗುರವಾದ ಥರ್ಮಾಕೋಲಿನಲ್ಲಿ ಸಣ್ಣ ವಿಮಾನ ಮಾಡಿ, ಭಾನುವಾರ ಬೆಳಗ್ಗೆ ಊರ ಹೊರಗಿನ ಬಯಲಿನಲ್ಲಿ ರಿಮೋಟ್ ಹಿಡಿದು ಹಾರಿಸುತ್ತಿದ್ದ. ನಗಬೇಡ. ಆರು ದಿನ ಕತ್ತು ಬಗ್ಗಿಸಿ ಹೊಲಿಯುವವನಿಗೆ ಏಳನೆಯ ದಿನ ತಲೆ ಎತ್ತಿ ನೋಡಲು ಏನಾದರೂ ಬೇಕು.

ಆ ವಿಮಾನ ಹಾರುವುದು ಲಿಥಿಯಂ ಪಾಲಿಮರ್ ಬ್ಯಾಟರಿಯಿಂದ. ಅದು ತೂಕದಲ್ಲಿ ಹಗುರ, ಸ್ವಭಾವದಲ್ಲಿ ಮುಂಗೋಪಿ. ಹೊರಗೆ ಒಂದೇ ಹೊದಿಕೆ, ಒಳಗೆ ಮೂರು ಸೆಲ್ಲು. ಒಂದು ಸೆಲ್ಲನ್ನು ನಾಲ್ಕು ಪಾಯಿಂಟ್ ಎರಡು ವೋಲ್ಟಿನ ತನಕ ತುಂಬಬಹುದು. ಮೂರೂ ಸೇರಿದರೆ ಹನ್ನೆರಡು ಪಾಯಿಂಟ್ ಆರು. ಯಾವ ಸೆಲ್ಲಾದರೂ ತನ್ನ ಮಿತಿ ದಾಟಿ ತುಂಬಿತೋ, ಒಳಗೊಳಗೇ ಬೇಯಲು ಶುರುಮಾಡುತ್ತದೆ.

ಒಮ್ಮೆ ಅವನ ಹಳೆಯ ಚಾರ್ಜರ್ ಕೆಟ್ಟಿತು. ಹೊಸದನ್ನು ಕೊಳ್ಳಲು ಪೇಟೆಗೆ ಹೋದ. ಅಂಗಡಿಯವನು ಎರಡು ಚಾರ್ಜರ್ ತೆಗೆದು ಮುಂದಿಟ್ಟ. ಮೊದಲನೆಯದಕ್ಕೆ ದಪ್ಪ ವೈರಿನ ಜೊತೆಗೆ ಒಂದು ಸಣ್ಣ ಬಿಳಿ ಪ್ಲಗ್ಗನ್ನೂ ಸಿಕ್ಕಿಸಬೇಕು. ಆ ಪ್ಲಗ್ಗಿನ ಮೂಲಕ ಅದು ಒಂದೊಂದು ಸೆಲ್ಲನ್ನೂ ಬೇರೆಯಾಗಿ ವಿಚಾರಿಸುತ್ತದೆ. ಮೊದಲು ತುಂಬಿದ್ದನ್ನು ತಡೆದು ಹಿಡಿಯುತ್ತದೆ, ಉಳಿದವು ಬರಲಿ ಎಂದು ಕಾಯುತ್ತದೆ. ಎರಡನೆಯದಕ್ಕೆ ಬಿಳಿ ಪ್ಲಗ್ಗಿನ ಗೊಡವೆ ಇಲ್ಲ, ದಪ್ಪ ವೈರೊಂದೇ.

"ಯಾವುದು ಲಗೂ ತುಂಬತೈತ್ರಿ?" ಎಂದು ದರ್ಜಿ ಕೇಳಿದ.

"ಮೊದಲನೇದು ಒಂದೂವರೆ ತಾಸು ಹಿಡಿತೈತಿ. ಇದು ಮುಕ್ಕಾಲು ತಾಸಿನಾಗ ಮುಗಸ್ತೈತಿ," ಎಂದ ಅಂಗಡಿಯವನು. "ಆದ್ರ ಇದು ಒಟ್ಟು ಅಷ್ಟ ನೋಡತೈತ್ರಿ. ಒಳಗ ಯಾವ ಸೆಲ್ಲಿಗೆ ಏನಾಗೇತಿ ಕೇಳಂಗಿಲ್ಲ."

"ಒಟ್ಟು ಸರಿ ಇದ್ರ ಸಾಕಲ್ರಿ," ಎಂದ ದರ್ಜಿ.

ಅವನ ಆತುರಕ್ಕೆ ಕಾರಣವಿತ್ತು. ಒಮ್ಮೆ ತುಂಬಿದರೆ ವಿಮಾನ ಹತ್ತು ನಿಮಿಷ ಹಾರುತ್ತದೆ. ಒಂಬತ್ತು ಗಂಟೆಗೆ ಬಯಲಿನಲ್ಲಿ ಗಾಳಿ ಏಳುತ್ತದೆ, ಆಮೇಲೆ ಹಾರಿಸುವ ಹಾಗಿಲ್ಲ. ಹಳೆಯ ಚಾರ್ಜರ್ ಇದ್ದಾಗ ಗೆಳೆಯರು ಎರಡನೆಯ ಸಲ ಹಾರಿಸುವುದನ್ನು ಅವನು ಕೂತು ನೋಡಬೇಕಾಗುತ್ತಿತ್ತು. ಹಾಗೆ ಕೂರುವುದು ಅವನಿಗೆ ಅವಮಾನವೆನಿಸಿತ್ತು. ಬೇಗ ತುಂಬುವುದನ್ನೇ ಕೊಂಡು ಮನೆಗೆ ಬಂದ.

ಆರು ತಿಂಗಳು ಏನೂ ಆಗಲಿಲ್ಲ. ತಪ್ಪು ಮಾಡುವವನಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಬೇಡ.

ಒಂದು ಭಾನುವಾರ ವಿಮಾನ ಮೂಗು ಕೆಳಗಾಗಿ ನೆಲಕ್ಕೆ ಬಿತ್ತು. ರೆಕ್ಕೆ ಮುರಿಯಿತು. ಅವನು ರೆಕ್ಕೆಗೆ ಅಂಟು ಹಚ್ಚಿದ. ಬ್ಯಾಟರಿಯ ಹೊದಿಕೆ ಹರಿದಿರಲಿಲ್ಲ, ಆದ್ದರಿಂದ ಅದನ್ನು ಒರೆಸಿ ಇಟ್ಟ. ಒಳಗೆ ನಡುವಿನ ಸೆಲ್ಲಿಗೆ ಪೆಟ್ಟು ಬಿದ್ದಿತ್ತು. ಅಂದಿನಿಂದ ಅದು ಮೊದಲಿನಷ್ಟು ಹಿಡಿಯಲಾರದಾಯಿತು.

ಮೂರು ಗಡಿಗೆ ಇವೆ, ನಡುವಿನದು ಚಿಕ್ಕದು ಎಂದುಕೋ. ಮೂರಕ್ಕೂ ಸಮಸಮ ನೀರು ಹೊಯ್ದರೆ ಚಿಕ್ಕದು ಮೊದಲು ತುಂಬುತ್ತದೆ. ಆದರೆ ಒಟ್ಟು ಇನ್ನೂ ಮುಟ್ಟಿಲ್ಲ ಎಂದು ಚಾರ್ಜರ್ ಹೊಯ್ಯುತ್ತಲೇ ಇರುತ್ತದೆ. ಗಡಿಗೆಯಾದರೆ ಚೆಲ್ಲಿ ತೋರಿಸುತ್ತದೆ. ಸೆಲ್ಲು ಚೆಲ್ಲುವುದಿಲ್ಲ, ನುಂಗುತ್ತದೆ. ಅಕ್ಕಪಕ್ಕದವು ನಾಲ್ಕರ ಮೇಲೆ ಒಂದಿಷ್ಟು, ನಡುವಿನದು ನಾಲ್ಕೂವರೆ. ಕೂಡಿಸಿದರೆ ಹನ್ನೆರಡು ಪಾಯಿಂಟ್ ಆರೇ. ಚಾರ್ಜರಿನ ಪರದೆಯ ಮೇಲೆ ಅಂಕಿ ಸರಿಯಾಗಿ ಬಂತು, ಹಸಿರು ದೀಪ ಹತ್ತಿತು. ಪ್ರತಿ ಭಾನುವಾರವೂ ಹೀಗೇ. ಬಲವಿದ್ದ ಎರಡಕ್ಕೆ ಹೊಟ್ಟೆ ಪೂರ್ತಿ ತುಂಬಲಿಲ್ಲ, ಬಲವಿಲ್ಲದ್ದರ ಮೇಲೆ ಅವುಗಳ ಪಾಲೂ ಬಿತ್ತು.

ಹೆಂಡತಿ ಒಮ್ಮೆ ಬ್ಯಾಟರಿಯನ್ನು ಎತ್ತಿಡಲು ಹೋಗಿ ಮುಟ್ಟಿ ನೋಡಿದಳು.

"ಇದರ ಹೊಟ್ಟಿ ಉಬ್ಬೇತಿ ನೋಡ್ರಿ," ಎಂದಳು.

"ಅಂಕಿ ಸರಿ ಐತಿ ಬಿಡ," ಎಂದ ಗಂಡ.

ಅವನ ಕಣ್ಣಿಗೆ ಉಬ್ಬು ಕಾಣಲಿಲ್ಲವೆಂದಲ್ಲ. ಬ್ಯಾಟರಿ ವಿಮಾನದ ಗೂಡಿನೊಳಗೆ ಹಿಡಿಸದಾದಾಗ ಚೆನ್ನಾಗಿಯೇ ಕಂಡಿತು. ಆಗ ಬೇರೆ ಯಾರಾದರೂ ಆಗಿದ್ದರೆ ಅದನ್ನು ಎಸೆಯುತ್ತಿದ್ದರು. ಇವನು ದರ್ಜಿ. ದೇಹದ ಉಬ್ಬನ್ನು ಬಟ್ಟೆಯಲ್ಲಿ ಅಡಗಿಸಿ ನೆಟ್ಟಗೆ ಕಾಣುವಂತೆ ಮಾಡುವುದು ಅವನ ಕಸುಬು. ಟೇಪು ಹಿಡಿದು ಅಳತೆ ತೆಗೆದ. ದಪ್ಪ ನೈಲಾನ್ ಕ್ಯಾನ್ವಾಸಿನಲ್ಲಿ ಒಂದು ಚೀಲ ಹೊಲಿದ, ಉಬ್ಬನ್ನು ಎರಡು ಕೈಯಿಂದ ಒತ್ತಿ ಒಳಗೆ ತುರುಕಿದ, ಬಾಯಿಗೆ ಜೋಡಿ ಹೊಲಿಗೆ ಹಾಕಿದ. ಬ್ಯಾಟರಿ ಮತ್ತೆ ಗೂಡಿನಲ್ಲಿ ನೆಟ್ಟಗೆ ಕೂತಿತು. ಒಳ್ಳೆಯ ಕೆಲಸ ಮಾಡಿದೆನೆಂದು ಅವನಿಗೆ ಸಂತೋಷವೂ ಆಯಿತು.

ಒಂದು ಮಧ್ಯಾಹ್ನ ಅವನು ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ. ಮೇಜಿನ ತುದಿಯಲ್ಲಿ ಬ್ಯಾಟರಿ ಚಾರ್ಜ್ ಆಗುತ್ತಿತ್ತು. ಮೇಲೆ ಹೊಲಿದಿಟ್ಟ ಅಂಗಿಗಳು ತೂಗುತ್ತಿದ್ದವು, ಅವುಗಳ ಕೆಳಗೆ ಹೆಂಡತಿ ತಲೆ ಬಗ್ಗಿಸಿ ಕಾಜ ಹಾಕುತ್ತಿದ್ದಳು. ಅವನು ಅಲಕ್ಷ್ಯ ಮಾಡಿದನೆಂದು ಯಾರೂ ಹೇಳುವಂತಿಲ್ಲ. ಎರಡು ಸಲ ಪರದೆ ನೋಡಿದ. ಎರಡು ಸಲವೂ ಅಂಕಿ ಸರಿ ಇತ್ತು. ಮೂರನೆಯ ಸಲ ನೋಡುವಾಗ ಚೀಲದ ಹೊಲಿಗೆ ಬಿಚ್ಚಿ ಬಿಳಿ ಹೊಗೆ ನುಗ್ಗಿತು. ಹೊಗೆಯ ಹಿಂದೆಯೇ ಬೆಂಕಿ ಬಂತು.

ಮರಳು ಹುಡುಕಲು ವ್ಯವಧಾನ ಇರಲಿಲ್ಲ. ಹೆಂಡತಿ ಮೇಜಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿದ್ದಳು. ಅವನು ಬಲಗೈಯಿಂದ ಬ್ಯಾಟರಿಯನ್ನು ಹಿಡಿದು ಬೀದಿಗೆ ಎಸೆಯಲು ಹೋದ. ಬ್ಯಾಟರಿ ಬೀದಿಗೆ ಹೋಗಿ ಬಿತ್ತು. ಕ್ಯಾನ್ವಾಸ್ ಕರಗಿ ಕೈಗೆ ಅಂಟಿಕೊಂಡಿತು.

ಹೆಂಡತಿ ಉಳಿದಳು. ಅಂಗಡಿ ಉಳಿಯಿತು. ಅವನ ಬಲಗೈಯ ಬೆರಳುಗಳು ಒಂದಕ್ಕೊಂದು ಕೂಡಿಕೊಂಡು ಬಾಡಿದವು. ಕತ್ತರಿಯ ಕಣ್ಣಿಗೆ ಅವು ಮತ್ತೆ ಹೋಗಲಿಲ್ಲ. ಈಗ ಕತ್ತರಿ ಹೆಂಡತಿಯ ಕೈಯಲ್ಲಿದೆ. ಅವನು ಸ್ಟೂಲಿನ ಮೇಲೆ ಕೂತು ಅಳತೆ ಕೂಗುತ್ತಾನೆ. ಅವಳು ಅಂಜುತ್ತ ಕತ್ತರಿಸುತ್ತಾಳೆ. ತಪ್ಪಿದಾಗ ಅವನು ಬೈಯುವುದಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನೋಡಲು ಬಂದವರು ಹೇಗಾಯಿತು ಎಂದು ಕೇಳುತ್ತಿದ್ದರು. ಅವನು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ. ಅಂಕಿ ಸರಿ ಇತ್ತು ಎನ್ನುತ್ತಿದ್ದ. ಹೇಳಿ ಆ ಕೈಯನ್ನು ಪಂಚೆಯೊಳಗೆ ಸರಿಸಿಕೊಳ್ಳುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಚನ್ನಮಲ್ಲ. ನನಗೆ ಸಂಕಟವಾಗುವುದು ಅದಕ್ಕೇ.

ಅಜ್ಜನವರು ಇಲ್ಲಿಗೆ ಕತೆ ನಿಲ್ಲಿಸಿ, ಮೊಣಕಾಲು ನೀವಿಕೊಂಡರು. ಚನ್ನಮಲ್ಲ ಬುದ್ಧಿವಂತ. ಕತೆ ತನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತೆಂದು ಅವನ ಮುಖವೇ ಹೇಳುತ್ತಿತ್ತು. ಅವನಿಗೆ ನಾಚಿಕೆಯಾಗಿತ್ತು. ಜೊತೆಗೆ, ಬೇಗ ತಿಳಿದುಕೊಂಡೆನೆಂಬ ಒಂದು ಸಣ್ಣ ನೆಮ್ಮದಿಯೂ ಇತ್ತು.

"ತಪ್ಪಾತ್ರಿ, ಅಜ್ಜಾರ," ಎಂದು ಅವನು ಕೈಮುಗಿದ. "ನಾಳಿಂದ ಒಬ್ಬೊಬ್ಬರನ್ನ ಹಾಡಿಸಿ ಕೇಳತೀನಿ. ಎಲ್ಲಾರಕಿಂತ ಮೊದಲ ದ್ಯಾಮಣ್ಣನ್ನ ಕೇಳತೀನಿ. ಅವ ಎಷ್ಟ ಹೊತ್ತು ತಗೊಂಡ್ರೂ ಕಾಯತೀನ್ರಿ."

ಅಜ್ಜನವರು ಅವನನ್ನು ನೋಡಿದರು.

"ದ್ಯಾಮಣ್ಣ ಬರೂದು ಬಿಟ್ಟು ಇವತ್ತಿಗೆ ಒಂಬತ್ತು ದಿನ ಆತು," ಎಂದರು.